ಮೊಡವೆ, ಕಲೆ, ಗುಳಿ, ತುರಿಕೆ: ಹಚ್ಚುವ ಮೊದಲು ಪತ್ತೆ ಮಾಡಿ

ಚರ್ಮಕ್ಕೆ ಏನಾದರೂ ಆದರೆ ನಾವು ಮೊದಲು ಏನಾದರೂ ಹಚ್ಚುತ್ತೇವೆ. ಏನಾಗಿದೆ ಅಂತ ನೋಡುವುದು ಆಮೇಲೆ. ಫಂಗಸ್‌ಗೆ ಸ್ಟಿರಾಯ್ಡ್ ಕ್ರೀಮ್, ಗುಳಿ ಬಿದ್ದ ಕೆನ್ನೆಗೆ ಬಣ್ಣ ತಿಳಿಯಾಗಿಸುವ ಕ್ರೀಮ್, ಇನ್ನೂ ಮೊಡವೆ ಏಳುತ್ತಿರುವ ಮುಖಕ್ಕೆ ಲೇಸರ್. ದುಡ್ಡೂ ಹೋಗುತ್ತದೆ, ತೊಂದರೆಯೂ ಉಳಿಯುತ್ತದೆ. ಮೊಡವೆ ಕಲೆಗೆ ಒಂದು ಕ್ರಮ ಇದೆ. ಮೊದಲು ಅದು ಮೊಡವೆಯೇ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಹೊಸದು ಏಳದಂತೆ ತಡೆಯಬೇಕು. ಆಮೇಲೆ ಬಣ್ಣ, ಕೊನೆಗೆ ಗುಳಿ. ಒಂದು ಹಂತ ಹಾರಿಸಿ ಮುಂದೆ ಹೋದರೆ ಮತ್ತೆ ಹಿಂದಕ್ಕೇ ಬರಬೇಕಾಗುತ್ತದೆ.

ಪತ್ತೆಗೆ ಬೇಕಾದ ಸಾಮಾನು ಕಡಿಮೆ. ಒಂದು ಕನ್ನಡಿ, ಪಕ್ಕದಿಂದ ಬೀಳುವ ಬೆಳಕು (ಮೊಬೈಲ್ ಟಾರ್ಚ್ ಸಾಕು), ಒಂದು ಗಾಜಿನ ಲೋಟ, ನಿಮ್ಮ ಎರಡು ಬೆರಳು. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ. ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ಗೊತ್ತಾಗುವುದಿಲ್ಲ. ಫೋಟೊದಲ್ಲಿ ಗೊತ್ತಾಗುತ್ತದೆ.

ಮೊದಲು ಇದನ್ನು ಓದಿ: ಮನೆಯಲ್ಲಿ ಕಾಯಬಾರದ ಲಕ್ಷಣಗಳು

ಮೈಮೇಲೆ ದದ್ದು ಎದ್ದು, ಜೊತೆಗೆ ತುಟಿ ಅಥವಾ ನಾಲಿಗೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಹೊಸ ಮಾತ್ರೆ ಶುರು ಮಾಡಿದ ಮೊದಲ ಎರಡು ತಿಂಗಳಲ್ಲಿ ಜ್ವರ ಬಂದು, ಚರ್ಮ ಮುಟ್ಟಿದರೆ ನೋವಾಗಿ, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣಾಗಿ, ಚರ್ಮ ಗುಳ್ಳೆ ಎದ್ದು ಸುಲಿಯತೊಡಗಿದರೆ ಅದು ಪ್ರಾಣಕ್ಕೆ ಅಪಾಯ. ತಡ ಮಾಡದೆ ಆಸ್ಪತ್ರೆಗೆ ಹೋಗಿ. ಅನುಮಾನ ಇರುವ ಮಾತ್ರೆಯನ್ನು ಮತ್ತೆ ನುಂಗಬೇಡಿ, ಹೋಗುವಾಗ ಅದನ್ನು ಜೊತೆಗೆ ಒಯ್ಯಿರಿ.

ಜ್ವರದ ಜೊತೆ ಕೆಂಪು ಅಥವಾ ನೇರಳೆ ಚುಕ್ಕೆಗಳು ಬಂದಿವೆಯೇ? ಅವುಗಳ ಮೇಲೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಮಾಸದಿದ್ದರೆ ರಕ್ತ ಚರ್ಮದೊಳಗೆ ಸೋರಿದೆ ಅಂತ ಅರ್ಥ. ಇದೂ ತುರ್ತು.

ಬಿಸಿಯಾಗಿ, ನೋವಾಗಿ, ನೋಡನೋಡುತ್ತಾ ಹರಡುವ ಕೆಂಪು ಇದ್ದರೆ, ಅಥವಾ ಕಣ್ಣಿನ ಸುತ್ತ ಊತ ಇದ್ದರೆ ಅವತ್ತೇ ತೋರಿಸಬೇಕು. ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಉರಿಯುವ ನೀರ್ಗುಳ್ಳೆ ಎದ್ದರೆ ಅದು ಸರ್ಪಸುತ್ತು ಇರಬಹುದು. ಇದಕ್ಕೆ ವೈರಸ್ ವಿರುದ್ಧದ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಿದರೆ ಲಾಭ ಜಾಸ್ತಿ. ಗುಳ್ಳೆ ಹಣೆ, ಮೂಗಿನ ತುದಿ, ಕಣ್ಣಿನ ಹತ್ತಿರ ಇದ್ದರೆ ಕಣ್ಣಿನ ಡಾಕ್ಟರನ್ನೂ ಕಾಣಬೇಕು.

ಲಕ್ಷಣ: ಮುಖದಲ್ಲಿ ಗುಳ್ಳೆ ಎದ್ದಿವೆ. ಇದು ಮೊಡವೆಯೇ?

ಕಪ್ಪು ತಲೆ ಅಥವಾ ಬಿಳಿ ತಲೆಯ ಸಣ್ಣ ಕಾಳುಗಳಿವೆಯೇ ನೋಡಿ. ಚರ್ಮದ ರಂಧ್ರದಲ್ಲಿ ಜಿಡ್ಡು ಮತ್ತು ಸತ್ತ ಕೋಶಗಳು ಸೇರಿ ಬಿರಡೆ ಹಾಕಿದಾಗ ಈ ಕಾಳುಗಳಾಗುತ್ತವೆ. ಕಪ್ಪು ತಲೆ ಕಪ್ಪಾಗಿರುವುದು ಕೊಳೆಯಿಂದ ಅಲ್ಲ. ಬಾಯಿ ತೆರೆದ ರಂಧ್ರದಲ್ಲಿರುವ ವಸ್ತು ಗಾಳಿ ತಾಗಿ ಕಪ್ಪಾಗುತ್ತದೆ, ಆದ್ದರಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಈ ಕಾಳುಗಳು, ಕೆಂಪು ಗುಳ್ಳೆ, ಕೀವು ಗುಳ್ಳೆ ಎಲ್ಲ ಬೆರೆತು ಕಂಡರೆ ಅದು ಮೊಡವೆ. ಕಾಳು ಎಲ್ಲೂ ಕಾಣದಿದ್ದರೆ ಸ್ವಲ್ಪ ನಿಲ್ಲಿ. ಬೇರೆ ಏನೋ ಮೊಡವೆಯ ವೇಷ ಹಾಕಿರಬಹುದು.

*ತುರಿಕೆ ಇದೆ, ಎಲ್ಲ ಗುಳ್ಳೆಯೂ ಒಂದೇ ಅಳತೆ.* ಹಣೆ, ಎದೆ, ಬೆನ್ನಿನ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಒತ್ತೊತ್ತಾಗಿ ಎದ್ದು, ಬೆವರಿದಾಗ ತುರಿಸಿದರೆ, ಅದು ಮಲಸೇಜಿಯಾ ಅನ್ನುವ ಯೀಸ್ಟ್‌ನ ಕೆಲಸ ಇರಬಹುದು. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಜಾಸ್ತಿಯಾಯಿತು ಅನ್ನುವುದು ಇದರ ದೊಡ್ಡ ಸುಳಿವು. ಕೀಟೊಕೊನಜೋಲ್ ಶಾಂಪೂವನ್ನು ಆ ಜಾಗಕ್ಕೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು ಅಗ್ಗದ ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಮೂರು ನಾಲ್ಕು ವಾರದಲ್ಲಿ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

*ಬಾಯಿಯ ಸುತ್ತ ಮಾತ್ರ ಇದೆ, ತುಟಿಗೆ ಅಂಟಿದ ಸಣ್ಣ ಅಂಚು ಮಾತ್ರ ಸ್ವಚ್ಛ.* ಇದು ಬಾಯಿ ಸುತ್ತಿನ ಚರ್ಮದ ಉರಿಯೂತ. ಸ್ಟಿರಾಯ್ಡ್ ಕ್ರೀಮ್ ಹಚ್ಚಿದವರಲ್ಲಿ ಬಹಳ ಕಾಣುತ್ತದೆ. ಮುಖಕ್ಕೆ ಹಚ್ಚುವುದನ್ನೆಲ್ಲ ನಿಲ್ಲಿಸುವುದೇ ಮೊದಲ ಮದ್ದು.

*ಕೆನ್ನೆ, ಮೂಗು ಕೆಂಪಾಗಿದೆ, ಆಗಾಗ ಬಿಸಿಯೇರುತ್ತದೆ.* ಬಿಸಿಲು, ಬಿಸಿ ಪಾನೀಯ, ಮದ್ಯ, ಖಾರದಿಂದ ಮುಖ ಕೆಂಪೇರುತ್ತದೆ, ಕಪ್ಪು ತಲೆ ಒಂದೂ ಇಲ್ಲ. ಇದು ರೊಸೇಶಿಯಾ. ಮೊಡವೆಯ ಕಟು ಕ್ರೀಮ್‌ಗಳು ಇದಕ್ಕೆ ಆಗಿಬರುವುದಿಲ್ಲ. ಕಣ್ಣು ಉರಿ, ಕಣ್ಣಲ್ಲಿ ಮರಳು ಬಿದ್ದ ಹಾಗೆ ಅನ್ನಿಸಿದರೆ ಬೇಗ ತೋರಿಸಿ.

*ಕ್ರೀಮ್ ಹಚ್ಚಿದರೆ ಚೆನ್ನಾಗಿದೆ, ಬಿಟ್ಟರೆ ಉರಿದು ಕೆಂಪಾಗುತ್ತದೆ.* ಟ್ಯೂಬ್ ತಿರುಗಿಸಿ ಹೆಸರು ಓದಿ. ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲುವೊಸಿನೊಲೋನ್ ಇವುಗಳಲ್ಲಿ ಒಂದಿದ್ದರೆ ಅದು ಸ್ಟಿರಾಯ್ಡ್. ಬಣ್ಣ ತಿಳಿಯಾಗಿಸುವ ಮೂರು ಔಷಧಿ ಬೆರೆಸಿದ ಕ್ರೀಮ್‌ಗಳಲ್ಲೂ ಇದು ಅಡಗಿರುತ್ತದೆ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳ ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಕೆಲವರಿಗೆ ಮುಖದ ಮೇಲೆ ಕೂದಲೂ ಬರುತ್ತದೆ. ಬಿಟ್ಟ ಕೂಡಲೇ ಸ್ವಲ್ಪ ದಿನ ಇನ್ನೂ ಜಾಸ್ತಿ ಕೆರಳುತ್ತದೆ. ಆಗ ಹೆದರಿ ಮತ್ತೆ ಹಚ್ಚುತ್ತಾರೆ, ಸುಳಿ ಅಲ್ಲೇ ಗಟ್ಟಿಯಾಗುತ್ತದೆ. ಬಹಳ ದಿನ ಹಚ್ಚಿದ್ದರೆ ಡಾಕ್ಟರ ಕೈಯಲ್ಲೇ ಬಿಡಿಸಿಕೊಳ್ಳಿ. ನನ್ನ ಪ್ರಕಾರ ಮುಖದ ತೊಂದರೆಗಳಲ್ಲಿ ನಾವೇ ಕೈಯಾರೆ ತಂದುಕೊಳ್ಳುವುದರಲ್ಲಿ ಇದಕ್ಕೇ ಮೊದಲ ಸ್ಥಾನ.

ಲಕ್ಷಣ: ಮೊಡವೆಯೇ ಹೌದು, ಏನು ಹಚ್ಚಿದರೂ ಹೋಗುತ್ತಿಲ್ಲ

ಖರ್ಚಿಲ್ಲದ ಪ್ರಶ್ನೆಗಳಿಂದ ಶುರು ಮಾಡೋಣ. ಎಷ್ಟು ದಿನ ಹಚ್ಚಿದಿರಿ? ಮೊಡವೆ ಔಷಧಿಗೆ 8ರಿಂದ 12 ವಾರ ಬೇಕು. ಎರಡು ವಾರಕ್ಕೆ ಬಿಟ್ಟು ಇನ್ನೊಂದು ಕೊಂಡರೆ ಯಾವುದೂ ಕೆಲಸ ಮಾಡಿದ್ದು ಕಾಣುವುದೇ ಇಲ್ಲ. ಅಡಾಪಲೀನ್‌ನಂಥ ರೆಟಿನಾಯ್ಡ್ (ವಿಟಮಿನ್ ಎ ಜಾತಿಯ ಔಷಧಿ) ಹಚ್ಚಿದಾಗ ಮೊದಲ ಕೆಲವು ವಾರ ಗುಳ್ಳೆ ಹೆಚ್ಚಾದ ಹಾಗೆ ಕಾಣಬಹುದು. ಬಹುತೇಕ ಜನ ಅಲ್ಲೇ ಕೈಬಿಡುತ್ತಾರೆ.

ಎಲ್ಲಿಗೆ ಹಚ್ಚಿದಿರಿ? ಎದ್ದ ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಟ್ಟರೆ ನಾಳೆ ಏಳುವ ಗುಳ್ಳೆಯನ್ನು ತಡೆಯುವವರು ಯಾರು? ಮೊಡವೆ ಏಳುವ ಇಡೀ ಜಾಗಕ್ಕೆ ತೆಳುವಾಗಿ ಹಚ್ಚಬೇಕು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು.

ದಿನಕ್ಕೆ ಎಷ್ಟು ಸಲ ಮುಖ ತೊಳೆಯುತ್ತೀರಿ? ಎರಡು ಸಲ ಸಾಕು, ಸೌಮ್ಯವಾದ ಕ್ಲೆನ್ಸರ್‌ನಲ್ಲಿ. ಸ್ಕ್ರಬ್ ಬೇಡ. ತಲೆಗೆ ಎಣ್ಣೆ, ಜೆಲ್ ಹಚ್ಚುವವರಿಗೆ ಹಣೆಯ ಅಂಚಿನಲ್ಲಿ ಮೊಡವೆ ಬರುತ್ತದೆ. ಹೆಲ್ಮೆಟ್ ಪಟ್ಟಿ, ಮಾಸ್ಕ್ ಉಜ್ಜುವ ಜಾಗದಲ್ಲೂ ಬರುತ್ತದೆ. ಕ್ರೀಮ್, ಮೇಕಪ್‌ಗಳ ಮೇಲೆ ರಂಧ್ರ ಮುಚ್ಚುವುದಿಲ್ಲ, ಅಂದರೆ ನಾನ್‌-ಕೊಮೆಡೊಜೆನಿಕ್ ಅಂತ ಬರೆದಿದೆಯೇ ನೋಡಿ. ಟೂತ್‌ಪೇಸ್ಟ್, ನಿಂಬೆರಸ ಹಚ್ಚುವುದನ್ನು ಇವತ್ತೇ ನಿಲ್ಲಿಸಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ.

ಬೇರೆ ಕಾಯಿಲೆಗೆ ಏನಾದರೂ ಮಾತ್ರೆ ನುಂಗುತ್ತಿದ್ದೀರಾ? ಸ್ಟಿರಾಯ್ಡ್, ಲಿಥಿಯಂ, ಫಿನಿಟೊಯಿನ್, ಕ್ಷಯಕ್ಕೆ ಕೊಡುವ ಐಸೊನಿಯಜಿಡ್, ಮೈಕಟ್ಟಿಗಾಗಿ ತೆಗೆದುಕೊಳ್ಳುವ ಹಾರ್ಮೋನು, ಇವೆಲ್ಲ ಮೊಡವೆ ತರುತ್ತವೆ. ಹಾಗಂತ ನೀವಾಗಿಯೇ ಮಾತ್ರೆ ಬಿಡಬೇಡಿ. ಬರೆದುಕೊಟ್ಟವರನ್ನು ಕೇಳಿ. ಹೆಣ್ಣುಮಕ್ಕಳಲ್ಲಿ ದವಡೆ, ಗಲ್ಲದ ಸುತ್ತ ಮೊಡವೆ, ತಪ್ಪಿ ತಪ್ಪಿ ಬರುವ ಮುಟ್ಟು, ಮುಖದ ಮೇಲೆ ಕೂದಲು ಒಟ್ಟಿಗೆ ಇದ್ದರೆ ಪಿಸಿಒಎಸ್, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ, ಇದೆಯೇ ಅಂತ ಪರೀಕ್ಷೆ ಮಾಡಿಸಬೇಕು. ಅದರ ಜೊತೆ ಕತ್ತಿನ ಹಿಂದೆ ಚರ್ಮ ಮಖಮಲ್ಲಿನ ಹಾಗೆ ದಪ್ಪ, ಕಪ್ಪು ಆಗಿದ್ದರೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಅದು ತಿಕ್ಕಿ ತೊಳೆಯುವ ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ.

ಇವೆಲ್ಲ ಸರಿ ಇದ್ದರೆ ಔಷಧಿಗೆ ಬನ್ನಿ. ಬೆಂಜಾಯಿಲ್ ಪೆರಾಕ್ಸೈಡ್ 2.5 ಪರ್ಸೆಂಟ್ ಸಾಕು. 10 ಪರ್ಸೆಂಟ್‌ನದ್ದು ಉರಿ ಜಾಸ್ತಿ ಮಾಡುತ್ತದೆ, ಕೆಲಸ ಜಾಸ್ತಿ ಮಾಡುವುದಿಲ್ಲ. ಬಣ್ಣದ ಟವಲ್, ದಿಂಬಿನ ಚೀಲದಿಂದ ದೂರ ಇಡಿ, ಬಿಳಿ ಮಚ್ಚೆ ಬೀಳುತ್ತದೆ. ರಾತ್ರಿ ಅಡಾಪಲೀನ್ 0.1 ಪರ್ಸೆಂಟ್, ಮೊದಲು ದಿನ ಬಿಟ್ಟು ದಿನ. ಒಣಗಿದರೆ ಮೇಲೆ ಮಾಯಿಶ್ಚರೈಸರ್. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಅಡಾಪಲೀನ್ ಹಚ್ಚಬಾರದು. ಅವರಿಗೆ ಅಜೆಲಾಯಿಕ್ ಆಸಿಡ್ ಇದೆ, ಡಾಕ್ಟರನ್ನು ಕೇಳಿ ಹಚ್ಚಬಹುದು. ಕ್ಲಿಂಡಾಮೈಸಿನ್‌ನಂಥ ಆ್ಯಂಟಿಬಯಾಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗೆ ಆಗುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗಿರಬೇಕು.

*ಇಲ್ಲಿ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ:* ಚರ್ಮದ ಆಳದಲ್ಲಿ ನೋವಿನ ಗಂಟುಗಳಿದ್ದರೆ, ಗುಳಿ ಬೀಳಲು ಶುರುವಾಗಿದ್ದರೆ, ಮೂರು ತಿಂಗಳು ಸರಿಯಾಗಿ ಹಚ್ಚಿಯೂ ಇಳಿಯದಿದ್ದರೆ, ಮನಸ್ಸಿಗೆ ಬಹಳ ಬೇಸರವಾಗಿ ಹೊರಗೆ ಹೋಗುವುದೇ ಬೇಡ ಅನ್ನಿಸುತ್ತಿದ್ದರೆ. ಗುಳಿ ಬೀಳುತ್ತಿರುವ ಮುಖದಲ್ಲಿ ಕಾಯುವ ಒಂದೊಂದು ತಿಂಗಳೂ ಮುಂದಿನ ರಿಪೇರಿಯನ್ನು ದುಬಾರಿ ಮಾಡುತ್ತದೆ. ಮೊಡವೆಯ ಜೊತೆ ಜ್ವರ, ಕೀಲುನೋವು ಬಂದರೆ ವಾರ ಕಾಯಬೇಡಿ.

ತೀವ್ರ ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ನೇಹಿತರ ಚೀಟಿ ನೋಡಿ ಕೊಳ್ಳುವ ಮಾತ್ರೆ ಮಾತ್ರ ಇದಲ್ಲ. ಗರ್ಭದಲ್ಲಿರುವ ಮಗುವಿಗೆ ಭಾರಿ ಹಾನಿ ಮಾಡುತ್ತದೆ. ಹಾಗಾಗಿ ನುಂಗುವಾಗ ಮತ್ತು ಬಿಟ್ಟು ಒಂದು ತಿಂಗಳವರೆಗೆ ಗರ್ಭ ನಿಲ್ಲಬಾರದು. ಲಿವರ್, ಕೊಬ್ಬಿನ ರಕ್ತಪರೀಕ್ಷೆ ಬೇಕು. ಮೊಡವೆಗೆ ಕೊಡುವ ಆ್ಯಂಟಿಬಯಾಟಿಕ್ ಡಾಕ್ಸಿಸೈಕ್ಲಿನ್ ಜೊತೆ ನುಂಗಿದರೆ ತಲೆಯೊಳಗಿನ ಒತ್ತಡ ಏರಬಹುದು. ತೀರ ತಲೆನೋವು, ಮಂಜು ಮಂಜಾದ ದೃಷ್ಟಿ, ಮನಸ್ಸು ಕುಗ್ಗುವುದು ಕಂಡರೆ ಡಾಕ್ಟರಿಗೆ ತಕ್ಷಣ ಹೇಳಿ.

ಲಕ್ಷಣ: ಮೊಡವೆ ಹೋಯಿತು, ಬಣ್ಣ ಉಳಿಯಿತು

ಬೆರಳಿನಿಂದ ಕಲೆಯ ಮೇಲೆ ಸವರಿ. ಚರ್ಮ ಸಮವಾಗಿದ್ದರೆ ಇದು ಬರೀ ಬಣ್ಣ, ಗುಳಿಯ ಚಿಕಿತ್ಸೆ ಬೇಕಿಲ್ಲ. ಇಲ್ಲೇ ಎಷ್ಟೋ ಜನ ಸುಮ್ನೆ ಲೇಸರ್ ಕುರ್ಚಿಯಲ್ಲಿ ಕೂತಿರುತ್ತಾರೆ.

ಈಗ ಗಾಜಿನ ಲೋಟ ಒತ್ತಿ. ಕೆಂಪು ಮಾಸಿದರೆ ಅದು ಹಿಗ್ಗಿದ ಸಣ್ಣ ರಕ್ತನಾಳಗಳ ಕೆಂಪು. ಬಹುತೇಕ ತಾನಾಗಿ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಬಣ್ಣ ತಿಳಿಯಾಗಿಸುವ ಕ್ರೀಮ್ ಇದಕ್ಕೆ ಏನೂ ಮಾಡುವುದಿಲ್ಲ. ತುಂಬ ದಿನ ಉಳಿದರೆ ರಕ್ತನಾಳಕ್ಕೆ ಗುರಿಯಿಟ್ಟ ಲೇಸರ್ ಇದೆ.

ಒತ್ತಿದರೂ ಬಣ್ಣ ಹಾಗೇ ಇದ್ದು ಕಂದು ಬಣ್ಣವಾಗಿದ್ದರೆ ಅದು ಮೆಲನಿನ್, ಚರ್ಮಕ್ಕೆ ಬಣ್ಣ ಕೊಡುವ ವಸ್ತು. ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದವರಲ್ಲಿ ಇದೇ ಜಾಸ್ತಿ. ತಿಳಿ ಕಂದು ಅಂದರೆ ಮೇಲ್ಪದರದ್ದು, ತಿಂಗಳುಗಳಲ್ಲಿ ಮಾಸುತ್ತದೆ. ಬೂದು ನೀಲಿ ಛಾಯೆ ಇದ್ದರೆ ಬಣ್ಣ ಆಳಕ್ಕಿಳಿದಿದೆ, ವರ್ಷಗಳು ಹಿಡಿಯಬಹುದು. ಎರಡಕ್ಕೂ ಮೊದಲ ಔಷಧಿ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಮೇಲೆ, ಮುಖ ಮತ್ತು ಕತ್ತಿಗೆ ಎರಡು ಬೆರಳ ಉದ್ದದಷ್ಟು, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ ಕಂದು ಕಲೆಗೆ ಇನ್ನೂ ಒಳ್ಳೆಯದು. ಅದರ ಜೊತೆಗೆ ಅಜೆಲಾಯಿಕ್ ಆಸಿಡ್, ಅಡಾಪಲೀನ್, ನಯಾಸಿನಮೈಡ್ ನಿಧಾನವಾಗಿ ಸಹಾಯ ಮಾಡುತ್ತವೆ.

ಹೈಡ್ರೊಕ್ವಿನೋನ್ ಕೆಲಸ ಮಾಡುತ್ತದೆ. ಆದರೆ ಡಾಕ್ಟರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವೇ ನೀಲಿಗಪ್ಪಾಗುವ ಸಾಧ್ಯತೆ ಇದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಏನೇನು ಬೆರೆಸಿದ್ದಾರೆ ಅಂತ ಬರೆಯದ, ವಾರದಲ್ಲಿ ಬೆಳ್ಳಗಾಗಿಸುವ ಡಬ್ಬಿಗಳನ್ನು ಮುಟ್ಟಬೇಡಿ. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದಿದೆ, ಅದು ಕಿಡ್ನಿ ಕೆಡಿಸುತ್ತದೆ.

ಲಕ್ಷಣ: ಗುಳಿ ಬಿದ್ದಿದೆ

ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಕಿವಿಯ ಕಡೆಯಿಂದ ಕೆನ್ನೆಗೆ ಅಡ್ಡಲಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಗುಳಿಯೂ ನೆರಳು ಬಿದ್ದು ಕಾಣುತ್ತದೆ. ಆಮೇಲೆ ಎರಡು ಬೆರಳಿನಿಂದ ಚರ್ಮವನ್ನು ಮೆತ್ತಗೆ ಅಗಲಿಸಿ. ಚಿಕಿತ್ಸೆ ಯಾವುದು ಅನ್ನುವುದರ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

*ಎಳೆದರೆ ಗುಳಿ ಸಮವಾಗುತ್ತದೆ, ಬಿಟ್ಟರೆ ಮತ್ತೆ ಅಲೆ ಅಲೆ.* ಇದು ಅಲೆಗುಳಿ, ಸಾಮಾನ್ಯವಾಗಿ 4 ಮಿಲಿಮೀಟರ್‌ಗಿಂತ ಅಗಲ. ಚರ್ಮದ ಕೆಳಗೆ ನಾರಿನ ಎಳೆಗಳು ಅದನ್ನು ಕೆಳಕ್ಕೆ ಕಟ್ಟಿಹಾಕಿರುತ್ತವೆ. ಹಾಸಿಗೆಗೆ ಅಲ್ಲಲ್ಲಿ ದಾರ ಹಾಕಿ ಬಿಗಿದಾಗ ಗುಳಿ ಬೀಳುತ್ತದಲ್ವಾ, ಹಾಗೆ. ಮೇಲೆ ಎಷ್ಟು ಉಜ್ಜಿದರೂ ಕೆಳಗಿನ ದಾರ ಕತ್ತರಿಸದೆ ಮೇಲೇಳುವುದಿಲ್ಲ. ಸಬ್‌ಸಿಶನ್ ಅನ್ನುವ ವಿಧಾನ ಮಾಡುವುದು ಇದನ್ನೇ. ಮರಗಟ್ಟಿಸಿ, ಸೂಜಿ ಅಥವಾ ಮೊಂಡು ತುದಿಯ ತೆಳು ಕೊಳವೆ (ಕ್ಯಾನುಲಾ) ತೂರಿಸಿ ಎಳೆಗಳನ್ನು ಬಿಡಿಸುತ್ತಾರೆ. 1995ರಲ್ಲಿ ವೈದ್ಯಕೀಯ ಬರಹಗಳಲ್ಲಿ ಮೊದಲು ಬಂದ ಈ ವಿಧಾನ ಇವತ್ತಿಗೂ ಅಲೆಗುಳಿಗೆ ಮುಖ್ಯ ಆಧಾರ. ಒಂದೆರಡು ವಾರ ನೀಲಿಗಟ್ಟುತ್ತದೆ, ಊದುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು.

*ಎಳೆದರೂ ಗುಳಿ ಹೋಗುವುದಿಲ್ಲ, ಅಂಚು ಕಡಿದ ಹಾಗಿದೆ.* ತಳ ಚಪ್ಪಟೆ, ಗೋಡೆ ನೇರ, ಅಗಲ 1.5ರಿಂದ 4 ಮಿಲಿಮೀಟರ್. ಇದು ಪೆಟ್ಟಿಗೆಗುಳಿ. ಆಳ ಕಡಿಮೆ ಇದ್ದರೆ ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೊನೀಡ್ಲಿಂಗ್, ಅಥವಾ ಚುಕ್ಕೆ ಚುಕ್ಕೆಯಾಗಿ ಬೆಳಕು ಹಾಯಿಸುವ ಫ್ರಾಕ್ಷನಲ್ ಲೇಸರ್. ಆಳ ಇದ್ದರೆ ತಳವನ್ನು ಸಣ್ಣ ಕೊರೆಯುವ ಉಪಕರಣದಿಂದ ಬಿಡಿಸಿ ಸುತ್ತಲ ಚರ್ಮದ ಮಟ್ಟಕ್ಕೆ ಎತ್ತಿ ಕೂರಿಸುತ್ತಾರೆ.

*ಸೂಜಿ ಚುಚ್ಚಿದ ಹಾಗೆ ಕಿರಿದು, ತಳ ಕಾಣದು.* 2 ಮಿಲಿಮೀಟರ್‌ಗಿಂತ ಕಿರಿದಾದ, ಕೆಳಗೆ ಚೂಪಾಗುವ ಈ ಸೂಜಿಗುಳಿಯೇ ಗುಳಿ ಬಿದ್ದ ಮುಖಗಳಲ್ಲಿ ಹೆಚ್ಚು ಕಾಣುವ ಜಾತಿ, ಹೆಚ್ಚು ಹಟಮಾರಿಯೂ ಅದೇ. ಲೇಸರ್, ಮೈಕ್ರೊನೀಡ್ಲಿಂಗ್ ಎರಡೂ ಇದರ ಬುಡ ಮುಟ್ಟುವುದು ಕಷ್ಟ. ಕಡ್ಡಿಯ ತುದಿಯಲ್ಲಿ ಚರ್ಮ ಸುಡುವ ಗಾಢವಾದ ಟಿಸಿಎ ಆಸಿಡ್ ಅದ್ದಿ, ಗುಳಿಯ ಒಳಗೆ ಮಾತ್ರ ಮುಟ್ಟಿಸುವ ಕ್ರಾಸ್ ವಿಧಾನ ಇದಕ್ಕೆ ಹೊಂದುತ್ತದೆ. ಇಲ್ಲವೇ ಗುಳಿಯನ್ನೇ ಕೊರೆದು ತೆಗೆದು ಹೊಲಿಗೆ ಹಾಕುತ್ತಾರೆ. ಟಿಸಿಎ ಆಸಿಡ್ ಬಾಟಲಿ ತರಿಸಿ ಮನೆಯಲ್ಲಿ ಹಚ್ಚಿಕೊಳ್ಳುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ದಯವಿಟ್ಟು ಬೇಡ. ಕ್ರಾಸ್‌ನಲ್ಲಿ ಬಳಸುವುದು 70ರಿಂದ 100 ಪರ್ಸೆಂಟ್‌ನದ್ದು. ಒಂದು ಹನಿ ಪಕ್ಕಕ್ಕೆ ಹರಿದರೆ ಗುಳಿಗಿಂತ ದೊಡ್ಡ ಗುಳಿ ಬೀಳುತ್ತದೆ.

ಒಂದೇ ಕೆನ್ನೆಯಲ್ಲಿ ಮೂರೂ ಜಾತಿ ಇರುವುದು ಮಾಮೂಲು. ಆದ್ದರಿಂದಲೇ ಎಲ್ಲ ಗುಳಿಗೂ ಒಂದೇ ಯಂತ್ರ ಅಂತ ಹೇಳುವವರ ಬಗ್ಗೆ ನನಗೆ ಅನುಮಾನ. ಒಳ್ಳೆಯ ಡಾಕ್ಟರು ಕನ್ನಡಿ ಕೊಟ್ಟು ಯಾವ ಗುಳಿ ಯಾವ ಜಾತಿ ಅಂತ ತೋರಿಸುತ್ತಾರೆ. ಸಾಮಾನ್ಯವಾಗಿ ಕೆಳಗಿನ ಎಳೆ ಬಿಡಿಸುವುದು, ಸೂಜಿಗುಳಿಗೆ ಕ್ರಾಸ್, ಆಮೇಲೆ ಇಡೀ ಮೇಲ್ಮೈಗೆ ಮೈಕ್ರೊನೀಡ್ಲಿಂಗ್ ಅಥವಾ ಲೇಸರ್, ಹೀಗೆ ಬೆರೆಸಿ ಮಾಡುತ್ತಾರೆ. ಫಿಲ್ಲರ್, ಅಂದರೆ ಚರ್ಮದ ಕೆಳಗೆ ಚುಚ್ಚಿ ತುಂಬುವ ವಸ್ತು, ಹಾಕಿದರೆ ಗುಳಿ ಕೂಡಲೇ ಏಳುತ್ತದೆ. ಹಯಲುರಾನಿಕ್ ಆಸಿಡ್‌ನದ್ದಾದರೆ ತಿಂಗಳುಗಳಲ್ಲಿ ಕರಗುತ್ತದೆ, ಮತ್ತೆ ತುಂಬಿಸಬೇಕು.

ಶುರು ಮಾಡುವ ಮೊದಲು ಕೆಲವು ವಿಷಯ ನೋಡಿಕೊಳ್ಳಿ. ಹೊಸ ಮೊಡವೆ ಏಳುವುದು ಕೆಲವು ತಿಂಗಳಿಂದ ಹೆಚ್ಚುಕಡಿಮೆ ನಿಂತಿರಬೇಕು. ನಿಮ್ಮ ಚರ್ಮ ಸುಲಭವಾಗಿ ಕಪ್ಪಾಗುವಂಥದ್ದಾದರೆ ಲೇಸರ್‌ನ ಶಕ್ತಿ ತಗ್ಗಿಸಬೇಕಾಗುತ್ತದೆ. ಕೆಲಸಲ ಮೈಕ್ರೊನೀಡ್ಲಿಂಗ್ ಹೆಚ್ಚು ಸುರಕ್ಷಿತ. ಮೊದಲು ದವಡೆಯ ಮೂಲೆಯಲ್ಲಿ ಒಂದು ಚಿಕ್ಕ ಜಾಗದಲ್ಲಿ ಮಾಡಿ ನೋಡಿ ಅಂತ ನೀವೇ ಕೇಳಬಹುದು. ತುಟಿಯ ಮೇಲೆ ಪದೇ ಪದೇ ಜ್ವರದ ಗುಳ್ಳೆ ಏಳುವವರು ಹೇಳಬೇಕು, ಲೇಸರ್ ಮುಂಚೆ ಮಾತ್ರೆ ಕೊಡುತ್ತಾರೆ. ಗಾಯ ಉಬ್ಬಿ ಬೆಳೆಯುವ ಸ್ವಭಾವ ಇದ್ದರೆ ಅದನ್ನೂ ಹೇಳಿ. ಐಸೊಟ್ರೆಟಿನೊಯಿನ್ ಬಿಟ್ಟು ಆರು ತಿಂಗಳು ಏನೂ ಮಾಡಿಸಬಾರದು ಅನ್ನುವ ಹಳೆಯ ನಿಯಮ ಈಗ ಸಡಿಲಾಗಿದೆ. 2017ರಲ್ಲಿ ತಜ್ಞರ ಒಮ್ಮತದ ಸಲಹೆಗಳು ಬಂದ ಮೇಲೆ ಮೈಕ್ರೊನೀಡ್ಲಿಂಗ್, ಮೇಲ್ಪದರದ ಪೀಲ್‌ಗಳಿಗೆ ಅಷ್ಟು ಕಾಯಬೇಕಿಲ್ಲ ಅಂತ ಒಪ್ಪಿದ್ದಾರೆ. ಇಡೀ ಮೇಲ್ಪದರ ಕೆರೆದು ತೆಗೆಯುವ ಚಿಕಿತ್ಸೆಗಳಿಗೆ ಮಾತ್ರ ಎಚ್ಚರಿಕೆ ಉಳಿದಿದೆ.

ಮೈಕ್ರೊನೀಡ್ಲಿಂಗ್‌ಗೆ ನಾಲ್ಕರಿಂದ ಆರು ವಾರದ ಅಂತರದಲ್ಲಿ ಮೂರರಿಂದ ಆರು ಸಲ ಕೂರಬೇಕಾಗುತ್ತದೆ. ಚರ್ಮವನ್ನು ತುಂಬುವ ಹೊಸ ನಾರು (ಕೊಲಾಜನ್) ಕಟ್ಟುವುದು ನಿಧಾನ, ಕೊನೆಯ ಸಲದ ಫಲ ಪೂರ್ತಿ ಕಾಣಲು ಮೂರರಿಂದ ಆರು ತಿಂಗಳು. ಗುಳಿ ಪೂರ್ತಿ ಮಾಯವಾಗುವುದಿಲ್ಲ. ಅರ್ಧ ಅಥವಾ ಸ್ವಲ್ಪ ಹೆಚ್ಚು ಸುಧಾರಿಸಿದರೆ ಅದೇ ಒಳ್ಳೆಯ ಫಲ. ನೂರಕ್ಕೆ ನೂರು ಅಂತ ಮಾತು ಕೊಡುವ ಕಡೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ. ಅಡಾಪಲೀನ್ ತಿಂಗಳುಗಟ್ಟಲೆ ಹಚ್ಚಿದರೆ ಆಳವಿಲ್ಲದ ಗುಳಿ ಸ್ವಲ್ಪ ಮಟ್ಟಿಗೆ ತುಂಬಬಹುದು, ಹೊಸದು ಬೀಳದಂತೆಯೂ ತಡೆಯುತ್ತದೆ. ಮನೆಯಲ್ಲಿ ಉರುಳಿಸುವ ಸೂಜಿ ಉರುಳೆ (ಡರ್ಮಾರೋಲರ್) ಬೇಡ. ಸೂಜಿ ಬಾಗಿ ಚರ್ಮ ಹರಿಯುತ್ತದೆ, ಒಂದು ಕೀವು ಗುಳ್ಳೆಯ ಮೇಲೆ ಉರುಳಿಸಿದರೆ ಸೋಂಕು ಇಡೀ ಕೆನ್ನೆಗೆ ಹಬ್ಬುತ್ತದೆ.

ಲಕ್ಷಣ: ಕಲೆ ಉಬ್ಬಿ ಗಟ್ಟಿಯಾಗಿದೆ

ಉಬ್ಬು ಹಳೆಯ ಮೊಡವೆ ಇದ್ದ ಜಾಗದೊಳಗೇ ಇದೆಯೇ, ಅದನ್ನು ದಾಟಿ ಆಚೆ ಬೆಳೆದಿದೆಯೇ? ಒಳಗೇ ಇದ್ದರೆ ಕಾಲ ಕಳೆದಂತೆ ತಗ್ಗಬಹುದು. ಸಿಲಿಕೋನ್ ಜೆಲ್ ಅಥವಾ ಹಾಳೆಯನ್ನು ದಿನಕ್ಕೆ 12 ಗಂಟೆಯಾದರೂ, ಎರಡು ಮೂರು ತಿಂಗಳು ಬಳಸಿ ನೋಡಬಹುದು. ಆಚೆ ಬೆಳೆದಿದ್ದರೆ ಅದು ಕೀಲಾಯ್ಡ್. ದವಡೆ, ಎದೆ, ಭುಜದಲ್ಲಿ ಜಾಸ್ತಿ. ಅದರೊಳಗೆ ಟ್ರಯಾಮ್ಸಿನೊಲೋನ್ ಅನ್ನುವ ಸ್ಟಿರಾಯ್ಡ್ ಇಂಜೆಕ್ಷನ್ ಅನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಕೊಡುತ್ತಾರೆ. ಸುತ್ತಲ ಚರ್ಮ ತೆಳುವಾಗಿ ಬೆಳ್ಳಗಾಗುವ ಸಾಧ್ಯತೆ ಇದೆ, ಕೇಳಿಕೊಳ್ಳಿ. ಬರೀ ಕತ್ತರಿಸಿ ತೆಗೆಸಬೇಡಿ, ಮೊದಲಿಗಿಂತ ದೊಡ್ಡದಾಗಿ ಮರಳುವುದೇ ಹೆಚ್ಚು.

ಲಕ್ಷಣ: ಚಿಕಿತ್ಸೆ ಮಾಡಿಸಿದ ಮೇಲೆ ಇನ್ನೂ ಕೆಟ್ಟಿದೆ

ಲೇಸರ್ ಆದ ಕೆಲವು ದಿನ ಕೆಂಪು, ಊತ, ಮೇಲೆ ಸಣ್ಣ ಹಕ್ಕಳೆ ಸಹಜ. ಹಕ್ಕಳೆ ಕೀಳಬೇಡಿ. ಎರಡು ಮೂರು ವಾರದ ಮೇಲೆ ಚೌಕ ಚೌಕವಾಗಿ ಅಥವಾ ಚುಕ್ಕೆಯಾಗಿ ಕಪ್ಪಾದರೆ ಅದು ಉರಿಯೂತದ ನಂತರದ ಬಣ್ಣ. ಬಹುತೇಕ ಇಳಿಯುತ್ತದೆ. ಸನ್‌ಸ್ಕ್ರೀನ್ ಬಿಡಬೇಡಿ, ಬಣ್ಣ ಇಳಿಯುವವರೆಗೆ ಮುಂದಿನ ಸಲ ಮುಂದೂಡಿ. ಒಂದು ವಾರದೊಳಗೆ ನೋವು ಏರುತ್ತಾ ಹೋದರೆ, ಗುಂಪು ಗುಂಪಾಗಿ ನೀರ್ಗುಳ್ಳೆ, ಕೀವು, ಜ್ವರ ಬಂದರೆ ಅದು ಸೋಂಕು. ಮಾಡಿದ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ.

ಲಕ್ಷಣ: ಮೈಮೇಲೆ ತುರಿಕೆ, ಮಚ್ಚೆ

*ಉಂಗುರದ ಹಾಗಿದೆ, ಅಂಚು ಉಬ್ಬಿ ಹೊಟ್ಟು ಏಳುತ್ತದೆ, ನಡುವೆ ತಿಳಿ.* ಇದು ಹುಳಕಡ್ಡಿ, ಫಂಗಸ್. ಟರ್ಬಿನಾಫಿನ್ ಅಥವಾ ಕ್ಲೊಟ್ರಿಮಜೋಲ್‌ನಂಥ ಕ್ರೀಮನ್ನು ಅಂಚಿನಿಂದ 2 ಸೆಂಟಿಮೀಟರ್ ಆಚೆಗೂ ಹಚ್ಚಿ. ಮಾಯವಾದ ಮೇಲೂ ಒಂದೆರಡು ವಾರ ಮುಂದುವರಿಸಿ. ಸ್ಟಿರಾಯ್ಡ್ ಬೆರೆತ ಕ್ರೀಮ್ ತುರಿಕೆಯನ್ನು ಎರಡು ದಿನದಲ್ಲಿ ನಿಲ್ಲಿಸುತ್ತದೆ, ಒಳಗೊಳಗೆ ಫಂಗಸ್ ಹಬ್ಬುತ್ತದೆ, ಉಂಗುರದ ಆಕಾರವೂ ಕೆಟ್ಟು ಗುರುತು ಸಿಗದಂತಾಗುತ್ತದೆ. ತಲೆಗೆ ಬಂದಿದ್ದರೆ ಮಾತ್ರೆಯೇ ಬೇಕು, ಉಗುರಿಗೂ ಸಾಮಾನ್ಯವಾಗಿ ಮಾತ್ರೆ ಬೇಕಾಗುತ್ತದೆ.

*ರಾತ್ರಿ ತುರಿಕೆ ಜಾಸ್ತಿ, ಬೆರಳ ಸಂದಿ, ಮಣಿಕಟ್ಟಿನಲ್ಲಿ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರಿಗೂ ಇದೆ.* ಇದು ಕಜ್ಜಿ, ಚರ್ಮದೊಳಗೆ ಸೇರುವ ಸಣ್ಣ ಹುಳದಿಂದ ಬರುತ್ತದೆ. ಪರ್ಮೆಥ್ರಿನ್ 5 ಪರ್ಸೆಂಟ್ ಕ್ರೀಮನ್ನು ಕತ್ತಿನಿಂದ ಕಾಲ್ಬೆರಳವರೆಗೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆದು, ವಾರದ ಮೇಲೆ ಮತ್ತೊಮ್ಮೆ. ತುರಿಕೆ ಇಲ್ಲದಿದ್ದರೂ ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಸುತ್ತಾಡುತ್ತಲೇ ಇರುತ್ತದೆ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯಬಹುದು.

*ಮೊಣಕೈ ಮಡಿಕೆ, ಮೊಣಕಾಲ ಹಿಂದೆ ಒಣಗಿ ತುರಿಸುತ್ತದೆ.* ಇಸುಬು. ಸ್ನಾನ ಉಗುರುಬೆಚ್ಚಗಿನ ನೀರಲ್ಲಿ, ಚುಟುಕಾಗಿ. ಮೈ ಪೂರ್ತಿ ಆರುವ ಮೊದಲೇ ವಾಸನೆಯಿಲ್ಲದ ದಪ್ಪ ಮಾಯಿಶ್ಚರೈಸರ್. ರಸಿಗೆ ಸೋರಿದರೆ, ಹಳದಿ ಹಕ್ಕಳೆ ಕಟ್ಟಿದರೆ ಸೋಂಕು ಸೇರಿದೆ. ಇದಕ್ಕೆ ಬದಲು ಮೊಣಕೈ, ಮೊಣಕಾಲಿನ ಹೊರಬದಿಯಲ್ಲಿ ಬೆಳ್ಳಿಯಂಥ ಹೊಟ್ಟಿನ ದಪ್ಪ ಮಚ್ಚೆ ಇದ್ದರೆ ಸೋರಿಯಾಸಿಸ್. ಜೊತೆಗೆ ಕೀಲು ನೋವಿದ್ದರೆ ತಡ ಮಾಡಬೇಡಿ.

*ದದ್ದು ಬರುತ್ತದೆ, ಗಂಟೆಗಳಲ್ಲಿ ಜಾಗ ಬದಲಿಸುತ್ತದೆ.* ಪಿತ್ತಗಂಧೆ. ಒಂದೊಂದು ದದ್ದೂ 24 ಗಂಟೆಯೊಳಗೆ ಗುರುತಿಲ್ಲದೆ ಹೋಗುತ್ತದೆ. ಸಾಮಾನ್ಯವಾಗಿ ನಿದ್ದೆ ತರದ ಅಲರ್ಜಿ ಮಾತ್ರೆ (ಆ್ಯಂಟಿಹಿಸ್ಟಮಿನ್) ಸಾಕಾಗುತ್ತದೆ. ಆರು ವಾರ ದಾಟಿದರೆ, ಅಥವಾ ದದ್ದು ಅದೇ ಜಾಗದಲ್ಲಿ ದಿನಗಟ್ಟಲೆ ನಿಂತು ಕಪ್ಪು ಉಳಿಸಿದರೆ ತೋರಿಸಿ.

*ಬಿಳಿ ಮಚ್ಚೆ.* ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಎದೆ, ಬೆನ್ನಿನ ಮಚ್ಚೆಯಿಂದ ನಯವಾದ ಹೊಟ್ಟು ಬಂದರೆ ಚಿಬ್ಬು. ಕೀಟೊಕೊನಜೋಲ್ ಹಚ್ಚಿದರೆ ಯೀಸ್ಟ್ ಸಾಯುತ್ತದೆ, ಬಣ್ಣ ಮರಳಲು ಮಾತ್ರ ತಿಂಗಳುಗಳು ಬೇಕು. ಹೊಟ್ಟಿಲ್ಲದೆ ಹಾಲು ಬಿಳುಪಾಗಿದ್ದರೆ ತೊನ್ನು ಇರಬಹುದು. ಅದು ಅಂಟುವುದಿಲ್ಲ, ಬೇಗ ಶುರು ಮಾಡಿದರೆ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಕಣ್ಣು ಮುಚ್ಚಿಕೊಂಡು ಹತ್ತಿಯ ಎಳೆಯಿಂದ ಮಚ್ಚೆಯನ್ನು ಮುಟ್ಟಿಸಿಕೊಳ್ಳಿ. ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಹೆದರಬೇಕಿಲ್ಲ, ಹಲವು ಔಷಧಿ ಸೇರಿಸಿ ಕೊಡುವ ಚಿಕಿತ್ಸೆಯಿಂದ ಪೂರ್ತಿ ವಾಸಿಯಾಗುತ್ತದೆ. ತಡವಾದರೆ ನರಕ್ಕೆ ಆದ ಹಾನಿ ಮಾತ್ರ ಹಿಂದಕ್ಕೆ ಬರುವುದಿಲ್ಲ.

*ಮಚ್ಚೆ ಬೆಳೆಯುತ್ತಿದೆ, ಹುಣ್ಣು ಒಣಗುತ್ತಿಲ್ಲ.* ಎರಡು ಬದಿ ಒಂದೇ ತರ ಇಲ್ಲ, ಅಂಚು ಒರಟು, ಬಣ್ಣ ಒಂದಕ್ಕಿಂತ ಹೆಚ್ಚು, 6 ಮಿಲಿಮೀಟರ್‌ಗಿಂತ ಅಗಲ, ಆಕಾರ ಬದಲಾಗುತ್ತಿದೆ, ಇವುಗಳಲ್ಲಿ ಯಾವುದೇ ಕಂಡರೂ ಚರ್ಮದ ಕ್ಯಾನ್ಸರ್ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಕಪ್ಪು ಚರ್ಮದವರು ಅಂಗಾಲು, ಅಂಗೈ, ಉಗುರಿನ ಕೆಳಗೂ ನೋಡಿಕೊಳ್ಳಬೇಕು. ನಾಲ್ಕು ವಾರವಾದರೂ ಒಣಗದ, ಮುಟ್ಟಿದರೆ ರಕ್ತ ಬರುವ ಹುಣ್ಣೂ ಇದೇ ಸಾಲಿಗೆ ಸೇರುತ್ತದೆ. ಇಂಥದ್ದಕ್ಕೆ ಕ್ರೀಮ್ ಹಚ್ಚಿ ಕಾಯಬೇಡಿ. ಲೇಸರ್‌ನಲ್ಲಿ ಸುಡಿಸಬೇಡಿ, ಸುಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಮೊದಲು ಬಯಾಪ್ಸಿ, ಅಂದರೆ ಚೂರು ತೆಗೆದು ಮಾಡುವ ಪರೀಕ್ಷೆ, ಆಗಲಿ.